ಮಂಡಿಪೇಟೆಯ ಸೀರೆ ಅಂಗಡಿಯ ಜಾಲತಾಣವನ್ನು ಮೊಬೈಲ್‌ಗೆ ಹೊಂದಿಸಿಕೊಟ್ಟ ಸೇವೆ

ದಾವಣಗೆರೆಯ ಮಂಡಿಪೇಟೆಯಲ್ಲಿರುವ ನಮ್ಮ ಸೀರೆ ಅಂಗಡಿಯ ಜಾಲತಾಣವನ್ನು ನೋಡುವವರಲ್ಲಿ ಹೆಚ್ಚಿನವರು ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ಗ್ರಾಹಕರು. ಅವರು ಬಳಸುವುದು ಕಡಿಮೆ ಬೆಲೆಯ ಮೊಬೈಲ್. ಸಿಗ್ನಲ್ ಊರಿಂದ ಊರಿಗೆ ಬೇರೆ. ಮೊಳಕಾಲ್ಮೂರು ಸೀರೆಯ ಸೆರಗು ಪರದೆಯ ಮೇಲೆ ಮೂಡುವ ಮೊದಲೇ ಬೇಸತ್ತು ಹೊರಟುಹೋಗುತ್ತಿದ್ದವರೇ ಬಹಳ. ಹೀಗಾಗಿ ವಿದ್ಯಾನಗರದ ಸಣ್ಣ ಸಂಸ್ಥೆಯೊಂದಕ್ಕೆ ಈ ಕೆಲಸ ಒಪ್ಪಿಸಿದೆವು.

ಅವರು ಅಳತೆಯಿಂದಲೇ ಆರಂಭಿಸಿದ್ದು ನನಗೆ ಮೆಚ್ಚುಗೆಯಾಯಿತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಬೆರಳು ಸೋಕಿದ 200 ಮಿಲಿಸೆಕೆಂಡಿನೊಳಗೆ ಪುಟ ಸ್ಪಂದಿಸಬೇಕು, ತೆರೆದುಕೊಳ್ಳುವಾಗ ಅಕ್ಷರ, ಚಿತ್ರಗಳು ಜಿಗಿದಾಡುವುದನ್ನು ಅಳೆಯುವ ಅಂಕ 0.1 ಮೀರಬಾರದು ಎಂಬುದು ಗೂಗಲ್‌ನ ಮಾನದಂಡ. ಪುಟದ ವೇಗ ಅಳೆಯುವ ಗೂಗಲ್‌ನದೇ ಸಾಧನವಾದ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನ ವರದಿಯನ್ನು ಮುಂದಿಟ್ಟು, ನಮ್ಮ ತಾಣ ಮೂರರಲ್ಲೂ ಎಲ್ಲಿ ಎಡವುತ್ತಿದೆ ಎಂಬುದನ್ನು ಬಿಡಿಸಿ ಹೇಳಿದರು.

ನಿಜವಾದ ಹೊರೆ ಇದ್ದದ್ದು ಚಿತ್ರಗಳಲ್ಲಿ. ಫೋನಿನಲ್ಲಿ ತೆಗೆದ ನಾಲ್ಕೈದು ಎಂಬಿ ಗಾತ್ರದ ಫೋಟೊಗಳು ಹಾಗೆಯೇ ಪುಟದಲ್ಲಿ ಕುಳಿತಿದ್ದವು. ಅವುಗಳನ್ನು ಕಡಿಮೆ ಗಾತ್ರದ ವೆಬ್‌ಪಿ ಎಂಬ ಚಿತ್ರರೂಪಕ್ಕೆ ಬದಲಿಸಿ, ಪರದೆಯ ಅಗಲಕ್ಕೆ ತಕ್ಕ ಪ್ರತಿ ಮಾತ್ರ ಇಳಿಯುವಂತೆಯೂ, ಕೆಳಗಿನ ಚಿತ್ರಗಳು ಓದುಗರು ಅಲ್ಲಿಗೆ ಸರಿದಾಗಷ್ಟೇ ಬರುವಂತೆಯೂ ಮಾಡಿದರು. ಪ್ರತಿ ಚಿತ್ರದ ಉದ್ದಗಲವನ್ನು ಮೊದಲೇ ನಮೂದಿಸಿದ್ದರಿಂದ ಪುಟ ಜಿಗಿಯುವುದೂ ನಿಂತಿತು. ಆದರೆ ಅತಿಯಾಗಿ ಕುಗ್ಗಿಸಿದರೆ ಜರಿಯ ಎಳೆಗಳು ಕಲಸಿಹೋಗುತ್ತವೆ, ಮತ್ತು ಸೀರೆ ಕೊಳ್ಳುವವರು ನೋಡುವುದೇ ಆ ಎಳೆಯನ್ನು. ಇದನ್ನು ಅವರೇ ಗಮನಿಸಿ, ಚಿತ್ರವನ್ನು ಒತ್ತಿದಾಗ ಮಾತ್ರ ಸ್ಪಷ್ಟವಾದ ದೊಡ್ಡ ಪ್ರತಿ ತೆರೆಯುವ ವ್ಯವಸ್ಥೆ ಮಾಡಿಕೊಟ್ಟರು. ಸರಕನ್ನು ಬಲ್ಲವರಂತೆ ಮಾಡಿದ ಕೆಲಸ ಇದು.

ಕನ್ನಡ ಫಾಂಟಿನ ವಿಷಯದಲ್ಲೂ ಅಷ್ಟೇ ಎಚ್ಚರವಿತ್ತು. ಒತ್ತಕ್ಷರಗಳಿಂದಾಗಿ ನಮ್ಮ ಫಾಂಟಿನ ಕಡತಗಳು ದೊಡ್ಡವಾಗುತ್ತವೆ. ಅಕ್ಷರದ ತೆಳು, ದಪ್ಪ ಎಂಬಂಥ ನಾಲ್ಕು ಬಗೆಗಳ ಬದಲು ಒಂದನ್ನೇ ಉಳಿಸಿಕೊಂಡು, ಅದು ಇಳಿಯುವವರೆಗೆ ಫೋನಿನ ಸ್ವಂತ ಅಕ್ಷರಗಳಲ್ಲೇ ಬೆಲೆ, ವಿವರ ಕಾಣುವಂತೆ ಮಾಡಿದ್ದಾರೆ. ಸಾಲುಗಳ ನಡುವಿನ ಅಂತರ ಹೆಚ್ಚಿಸಿದ್ದರಿಂದ ಒತ್ತುಗಳು ಕೆಳಗಿನ ಸಾಲಿಗೆ ತಾಗುವುದಿಲ್ಲ. ಗುಂಡಿಗಳು ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡದಾಗಿವೆ, ಫೋನ್ ಸಂಖ್ಯೆ ತುಂಬುವಲ್ಲಿ ಅಂಕಿಗಳ ಕೀಲಿಮಣೆಯೇ ತೆರೆಯುತ್ತದೆ.

ಕೊರತೆ ಒಂದಿದೆ, ಅದು ಸಣ್ಣದಲ್ಲ. ದೀಪಾವಳಿಗೆ ಬಂದ ಹೊಸ ಸೀರೆಗಳ ಫೋಟೊಗಳನ್ನು ನಮ್ಮ ಹುಡುಗರು ಹಾಕಿದಾಗ ಪುಟ ಮತ್ತೆ ಭಾರವಾಯಿತು, ಏಕೆಂದರೆ ಹೊಸ ಚಿತ್ರಗಳನ್ನು ತಾನಾಗಿ ಕುಗ್ಗಿಸುವ ಏರ್ಪಾಡನ್ನು ಅವರು ಮಾಡಿರಲಿಲ್ಲ. ಕೇಳಿದಾಗ ಅದಕ್ಕೆ ಬೇರೆ ಶುಲ್ಕ ಎಂದರು. ದಿನವೂ ಸರಕು ಬದಲಾಗುವ ಅಂಗಡಿಗೆ ಈ ಏರ್ಪಾಡು ಮೂಲ ಕೆಲಸದಲ್ಲೇ ಸೇರಿರಬೇಕು. ಇವರಿಗೆ ಕೆಲಸ ಒಪ್ಪಿಸಿ ಎಂದು ನಾನು ಧಾರಾಳವಾಗಿ ಹೇಳುತ್ತೇನೆ, ಆದರೆ ಈ ಅಂಶವನ್ನು ಮುಂಗಡ ಕೊಡುವ ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳಿ.