ಮಾಗಳಿ ಬೇರಿನ ಉಪ್ಪಿನಕಾಯಿ: ಪರಿಮಳ ಉಳಿದಿದೆ, ಊರು ಗೊತ್ತಿಲ್ಲ

ಮೈಸೂರಿನ ಕಾಂಡಿಮೆಂಟ್ಸ್ ಅಂಗಡಿಯೊಂದರಲ್ಲಿ ಕಳೆದ ತಿಂಗಳು ಕಾಲು ಕಿಲೋ ಮಾಗಳಿ ಬೇರಿನ ಉಪ್ಪಿನಕಾಯಿಯನ್ನು 160 ರೂಪಾಯಿ ಕೊಟ್ಟು ತಂದೆ. ಮುಚ್ಚಳ ತೆಗೆದೊಡನೆ ಮನೆಯಲ್ಲಿ ಎರಡು ಪಕ್ಷಗಳಾದವು. ಮಾಗಳಿಯನ್ನು (ಕೆಲವರಿಗೆ ಇದು ಮಾಕಳಿ) ಬಾಲ್ಯದಿಂದ ತಿಂದು ಬೆಳೆದ ನಮ್ಮತ್ತೆಗೆ ಆ ಪರಿಮಳಕ್ಕೇ ಮೊಸರನ್ನ ನೆನಪಾಯಿತು. ಹೊರಗಿನಿಂದ ಬಂದ ಅಳಿಯನಿಗೆ ತಿಗಣೆ ನೆನಪಾಯಿತು. ಇಬ್ಬರ ಮೂಗೂ ಸುಳ್ಳು ಹೇಳಿಲ್ಲ. ಈ ಬೇರಿನ ವಾಸನೆಗೆ ಮುಖ್ಯ ಕಾರಣವಾದ ರಾಸಾಯನಿಕದಲ್ಲಿ ವೆನಿಲ್ಲಾದ ಘಮಕ್ಕೆ ಕಾರಣವಾದ ವೆನಿಲಿನ್‌ನಲ್ಲಿರುವ ಪರಮಾಣುಗಳೇ ಅಷ್ಟಷ್ಟೇ ಇವೆ, ಜೋಡಣೆ ಮಾತ್ರ ಬೇರೆ.

ಮಾಗಳಿ ಉಪ್ಪಿನಕಾಯಿಯನ್ನು ಅಳೆಯಬೇಕಾದದ್ದು ಮೊದಲು ಮೂಗಿನಿಂದಲೇ. ಕಾದ ಎಣ್ಣೆ ಸುರಿದರೆ ಆರಿಹೋಗುವ ಆ ಘಾಟು ಈ ಶೀಷೆಯಲ್ಲಿ ಪೂರ್ತಿ ಉಳಿದಿದೆ. ತಯಾರಿಸಿದವರು ಹಸಿ ಬೇರಿಗೆ ನಿಂಬೆರಸ, ಉಪ್ಪು, ಸಾಸಿವೆಪುಡಿ, ಮೆಣಸಿನಪುಡಿ, ಅರಿಸಿನ ಬಿಟ್ಟು ಬೇರೇನನ್ನೂ ಹಾಕಿಲ್ಲ. ಮೊಸರಿನಲ್ಲಿ ಹಾಕಿದ ಮಾಗಳಿಯ ರುಚಿ ಇದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯವಾದರೂ, ಅಂಗಡಿಯ ಕಪಾಟಿನಲ್ಲಿ ಅದು ಬಾಳುವಂಥದ್ದಲ್ಲ. ಉಪ್ಪು ಒಂದು ಕೈ ಮುಂದಿದೆ. ಮೊಸರನ್ನದೊಂದಿಗೆ ಅದು ತಿಳಿಯುವುದಿಲ್ಲ.

ನನ್ನ ದೂರು ಹೆಚ್ಚುವ ಕೆಲಸದ ಮೇಲೆ. ಬೇರನ್ನು ನೆನೆಸಿ ಮಣ್ಣು ತೊಳೆದು, ಸಿಪ್ಪೆ ಹೆರೆದು, ಸೀಳಿ, ನಡುವಿನ ಗಟ್ಟಿ ನಾರನ್ನು ಎಳೆದು ಹಾಕಿದ ಮೇಲೆ ಉಳಿಯುವ ತಿರುಳನ್ನಷ್ಟೇ ಸಣ್ಣಗೆ ಹೆಚ್ಚಬೇಕು. ಅರ್ಧ ದಿನ ಹಿಡಿಯುವ ಈ ಕೆಲಸಕ್ಕೆ ಹೆದರಿಯೇ ನಮ್ಮಂಥವರು ಅಂಗಡಿಗೆ ಹೋಗುವುದು. ಆದರೆ ಈ ಶೀಷೆಯಲ್ಲಿ ನಾಲ್ಕಕ್ಕೊಂದು ಹೋಳಿನಲ್ಲಿ ನಾರು ಹಾಗೆಯೇ ಉಳಿದಿತ್ತು. ಅಂಥದ್ದನ್ನು ಕಚ್ಚಿದಾಗ ಪೊರಕೆಕಡ್ಡಿ ಅಗಿದಂತಾಯಿತು. ಉಳಿದ ಹೋಳುಗಳು ಗರಿಗರಿಯಾಗಿ ಸೊಗಸಾಗಿದ್ದವು.

ಇನ್ನೊಂದು ಕೊರತೆ ಲೇಬಲ್ಲಿನದು. ‘ಕಾಡಿನ ನೈಸರ್ಗಿಕ ಬೇರು’ ಎಂದಷ್ಟೇ ಅಚ್ಚಾಗಿದೆ. ಯಾವ ಕಾಡು? ದಕ್ಷಿಣ ಭಾರತದ ಒಣ ಕಾಡುಗಳ ಬಂಡೆಸಂದುಗಳಲ್ಲಿ ಬೇರಿಳಿಸಿ ಪೊದೆ ಮರಗಳಿಗೆ ಹಬ್ಬುವ, ಮುರಿದರೆ ಹಾಲು ಸುರಿಸುವ ಈ ಬಳ್ಳಿ ಇಂದು ಅಳಿವಿನ ಅಂಚಿನ ಸಸ್ಯಗಳ ಪಟ್ಟಿಯಲ್ಲಿದೆ. ನೆಲ್ಲಿಕಾಯಿಯಂತೆ ಹಣ್ಣು ಕಿತ್ತು ಗಿಡ ಬಿಡುವ ವ್ಯವಹಾರ ಇದಲ್ಲ. ಇಲ್ಲಿ ಮಾರಾಟವಾಗುವುದೇ ಬುಡ. ಸೊಗದೆ (ನನ್ನಾರಿ) ಬೇರಿಗೆ ಬದಲಾಗಿ ಔಷಧಿಗೂ, ನನ್ನಾರಿ ಶರಬತ್ತಿಗೂ ಇದೇ ಬೇರು ಹೋಗುವುದರಿಂದ ಅಗೆತ ಇನ್ನೂ ಹೆಚ್ಚು. ಬಿಳಿಗಿರಿರಂಗನ ಬೆಟ್ಟದ ಆದಿವಾಸಿ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು (ಕಾಡಿನ ಕಿರು ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವ ಹಕ್ಕೂ ಇದರಲ್ಲಿದೆ) ಸಿಕ್ಕಿರುವಾಗ, ಅಂಥವರು ಅಗೆದ ಬೇರೇ ಆಗಿದ್ದರೆ ಅದನ್ನು ಹೆಮ್ಮೆಯಿಂದ ಅಚ್ಚು ಹಾಕಿಸಬಹುದಿತ್ತು. ಕೇಳಿದ್ದಕ್ಕೆ ಅಂಗಡಿಯವರು “ಏಜೆಂಟು ತಂದು ಹಾಕ್ತಾನೆ ಸಾರ್” ಎಂದು ಮಾತು ಮುಗಿಸಿದರು.

ರುಚಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಹೆಚ್ಚಿದ ಕೈಗೆ ಎರಡು. ಬೇರು ಎಲ್ಲಿಯದೆಂದು ಅಂಗಡಿಯವರು ಹೇಳುವವರೆಗೆ ಎರಡನೆಯ ಶೀಷೆ ತರುವುದಿಲ್ಲ. ಹೋಳು ಮುಗಿದ ಮೇಲೆ ತಳದಲ್ಲಿ ಉಳಿಯುವ ರಸವನ್ನು ಮಾತ್ರ ಚೆಲ್ಲಬೇಡಿ. ಒಂದು ಚಮಚವನ್ನು ನೀರುಮಜ್ಜಿಗೆಗೆ ಕಲಸಿ ಕುಡಿಯಿರಿ.