ಕಾರ್ಬನ್ ಡೈಆಕ್ಸೈಡ್ ಬಿಸಿ ಆಗೋ ಸದ್ದು ಕೇಳಿಸ್ಕೊಳ್ಳೋ ಮೀಟರ್: ಚಿಕ್ಕಮಗಳೂರಲ್ಲಿ ಬಳಸಿ ನೋಡಿದ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತ ಮುಂದೆ ಬರತ್ತೆ, ಅದು ನಮ್ಮೂರಿನ ಎತ್ತರಕ್ಕೆ ಸಂಬಂಧಪಟ್ಟಿದ್ದು, ಹಾಸನ ಸಕಲೇಶಪುರ ಮೂಡಿಗೆರೆ ಕಡೆಯೋರೆಲ್ಲಾ ತಗೊಳೋಕೆ ಮುಂಚೆ ಓದ್ಕೊಳ್ಳಿ.

ವಸ್ತು ಏನಂದ್ರೆ ಗಾಳಿಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಇದೆ ಅಂತ ತೋರಿಸೋ ಸಣ್ಣ ಮೀಟರ್. ಅಂಗೈಲಿ ಹಿಡಿಯೋಷ್ಟು ಇದೆ, ಚಾರ್ಜ್ ಮಾಡ್ಕೋಬೋದು, ಬ್ಲೂಟೂತ್‌ನಲ್ಲಿ ಫೋನಿಗೆ ಗ್ರಾಫ್ ಕಳಿಸತ್ತೆ. ಬೆಲೆ ಐದಾರು ಸಾವಿರದ ಹತ್ರ. ಆನ್‌ಲೈನ್‌ನಲ್ಲೇ ತರಿಸ್ದೆ, ಊರಲ್ಲಿ ಯಾವ ಅಂಗಡಿಲೂ ಸಿಗ್ಲಿಲ್ಲ. ತಗೊಂಡಿದ್ದು ಮನೆ ಮುಂದಿನ ರೂಮಲ್ಲಿ ನಡೆಸೋ ಟ್ಯೂಷನ್ ಸಲುವಾಗಿ. ಮಳೆಗಾಲದಲ್ಲಿ ಇಲ್ಲಿ ಎರಚಲು ಹೊಡೆಯತ್ತೆ ಅಂತ ಕಿಟಕಿ ಮುಚ್ಕೊಂಡು ಹತ್ತನೇ ಕ್ಲಾಸಿನ ಮಕ್ಕಳೆಲ್ಲ ಒತ್ತೊತ್ತಾಗಿ ಕೂತ್ರೆ ಮುಕ್ಕಾಲು ಗಂಟೇಲಿ 1500 ಪಿಪಿಎಂ (ಅಂದ್ರೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 1500 ಕಾರ್ಬನ್ ಡೈಆಕ್ಸೈಡ್ ಅಣು) ದಾಟತ್ತೆ, ಮಕ್ಕಳು ಆಕಳಿಸೋಕೆ ಶುರು ಮಾಡ್ತಾರೆ, ಒಂದು ಕಿಟಕಿ ಬಾಗಿಲು ಎದುರುಬದುರು ತೆಗೆದ್ರೆ ಹತ್ತು ನಿಮಿಷದಲ್ಲಿ ಸರ್ರಂತ ಇಳಿಯತ್ತೆ. ಈ ಕೆಲಸಕ್ಕೆ ಮೀಟರ್ ಚೆನ್ನಾಗಿದೆ, ಅಷ್ಟೇ ಬೇಕಿದ್ದೋರು ಕಣ್ಮುಚ್ಕೊಂಡು ತಗೋಬೋದು.

ಆದ್ರೆ ನಾನು ಇಷ್ಟುದ್ದ ಬರೀತಿರೋದು ಅದಕ್ಕಲ್ಲ. ಇದರೊಳಗೆ ಏನಾಗತ್ತೆ ಅನ್ನೋದಕ್ಕೆ.

ಮೀಟರ್ ಒಳಗೆ ಒಂದು ಪುಟಾಣಿ ಡಬ್ಬಿ ಇದೆ. ಅದರಲ್ಲಿ ಒಂದು ಚೂರು ಬಿಸಿ ಆಗೋ ಭಾಗ ಆನ್ ಆಫ್ ಆಗ್ತಾ ಇನ್‌ಫ್ರಾರೆಡ್, ಅಂದ್ರೆ ಕಣ್ಣಿಗೆ ಕಾಣದ ಶಾಖದ ಬೆಳಕು, ಬಿಡತ್ತೆ, ಅದರ ಮುಂದಿರೋ ಫಿಲ್ಟರ್ 4.26 ಮೈಕ್ರೋಮೀಟರ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರೋಮೀಟರ್) ಆಸುಪಾಸು ಉದ್ದದ ಅಲೆ ಮಾತ್ರ ದಾಟೋಕೆ ಬಿಡತ್ತೆ. ಈ ಅಲೆನ ನೈಟ್ರೋಜನ್ ಆಕ್ಸಿಜನ್ ಹೀರಲ್ಲ, ಕಾರ್ಬನ್ ಡೈಆಕ್ಸೈಡ್ ಹೀರತ್ತೆ. ಹೀರಿದ ಅಣು ಅದುರೋಕೆ ಶುರು ಆಗತ್ತೆ, ಪಕ್ಕದ ಅಣುಗಳಿಗೆ ಡಿಕ್ಕಿ ಹೊಡೀತಾ ಆ ಶಕ್ತಿನ ಅವುಕ್ಕೆ ದಾಟಿಸತ್ತೆ, ಡಬ್ಬಿಲಿರೋ ಗಾಳಿ ಒಂದು ಕಾಳಿನಷ್ಟು ಬಿಸಿ ಆಗತ್ತೆ, ಬಿಸಿ ಆದ್ರೆ ಪ್ರೆಷರ್ ಏರತ್ತೆ, ಬೆಳಕು ನಿಂತ್ರೆ ಇಳಿಯತ್ತೆ. ಪ್ರೆಷರ್ ಹಿಂಗೆ ಬಿಟ್ಟು ಬಿಟ್ಟು ಏರಿಳಿದ್ರೆ ಅದೇ ಶಬ್ದ ಅಲ್ವಾ, ಅದನ್ನ ಕೇಳಿಸ್ಕೊಳ್ಳೋಕೆ ಒಳಗೊಂದು ಸಣ್ಣ ಮೈಕ್ ಇಟ್ಟಿದಾರೆ. ನಮ್ಮ ಕಿವಿಗೆ ಕೇಳಲ್ಲ, ಮೈಕಿಗೆ ಕೇಳತ್ತೆ. ಸದ್ದು ಜೋರಿದ್ರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದೆ ಅಂತ ಲೆಕ್ಕ. ಫೋಟೋಅಕೌಸ್ಟಿಕ್ ಅಂತಾರೆ ಈ ವಿಧಾನಕ್ಕೆ. ಹಳೇ ಮಾದರಿ ಮೀಟರ್‌ಗಳಲ್ಲಿ ಮೈಕ್ ಇರಲ್ಲ, ಆಚೆ ತುದಿಗೆ ಎಷ್ಟು ಬೆಳಕು ತಲುಪ್ತು ಅಂತ ನೋಡ್ತಾರೆ, ಅವೂ ಸರಿಯಾಗೇ ಕೆಲಸ ಮಾಡ್ತಾವೆ.

ಇದನ್ನ ಓದಿ ತಿಳ್ಕೊಂಡ ದಿನ ನಂಗೆ ಮೈ ಜುಂ ಅಂತು. ಯಾಕಂದ್ರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಗಿ ಭೂಮಿ ಬಿಸಿ ಆಗ್ತಿದೆ ಅಂತ ಯಾರಾದ್ರೂ ಹೇಳಿದ್ರೆ, ಆಲ್ದೂರು ಕಡೆ ತೋಟ ಇರೋ ನಮ್ಮ ಭಾವ ಎಷ್ಟೋ ವರ್ಷದಿಂದ ಒಂದೇ ಮಾತು ಹೇಳ್ತಾರೆ, "ಅಲ್ಲ ಕಣೋ, ಗಾಳಿಲಿ ನೂರಕ್ಕೆ 0.04 ಇರೋ ಗ್ಯಾಸು, ಅದು ಇನ್‌ಫ್ರಾರೆಡ್ ಹೀರ್ಕೊಂಡ್ರೂ ವಾಪಸ್ ಉಗುಳ್ಬಿಡತ್ತೆ, ಗಾಳಿ ಹೆಂಗೋ ಬಿಸಿ ಆಗತ್ತೆ?" ಅಂತ. ಈ ಪ್ರಶ್ನೆ ತುಂಬಾ ಜನಕ್ಕಿದೆ, ನ್ಯಾಯವಾದ ಪ್ರಶ್ನೆನೇ. ಉತ್ತರ ಈ ಮೀಟರ್ ಒಳಗೇ ಇದೆ. ಹೀರಿದ ಇನ್‌ಫ್ರಾರೆಡ್‌ನಿಂದ ಸುತ್ತಲಿನ ಗಾಳಿ ಬಿಸಿ ಆಗ್ದೇ ಇದ್ರೆ ಪ್ರೆಷರ್ ಏರ್ತಿರ್ಲಿಲ್ಲ, ಸದ್ದು ಬರ್ತಿರ್ಲಿಲ್ಲ, ಸ್ಕ್ರೀನಲ್ಲಿ ನಂಬರ್ ಬರ್ತಾನೇ ಇರ್ಲಿಲ್ಲ. ಅಷ್ಟು ಚಿಕ್ಕ ಡಬ್ಬಿಲಿರೋ 0.04 ಪರ್ಸೆಂಟೇ ಮೈಕಿಗೆ ಕೇಳೋಷ್ಟು ಬಿಸಿ ಮಾಡತ್ತೆ ಅಂದ್ರೆ ತಲೆ ಮೇಲೆ ಕಿಲೋಮೀಟರ್‌ಗಟ್ಟಲೆ ಇರೋ ಗಾಳಿ ಏನು ಮಾಡ್ಬೋದು ಯೋಚ್ನೆ ಮಾಡಿ.

"ವಾಪಸ್ ಉಗುಳತ್ತೆ" ಅನ್ನೋದಕ್ಕೆ ಸ್ವಲ್ಪ ವಿವರ ಬೇಕು. ನೆಲದ ಹತ್ರದ ಗಾಳಿಲಿ ಒಂದು ಅಣು ಸೆಕೆಂಡಿಗೆ ನೂರಾರು ಕೋಟಿ ಸಲ ಬೇರೆ ಅಣುಗೆ ಡಿಕ್ಕಿ ಹೊಡೀತಿರತ್ತೆ. ಕಾರ್ಬನ್ ಡೈಆಕ್ಸೈಡ್ ಅಣು ಹೀರಿದ್ದನ್ನ ತಾನಾಗೇ ಬೆಳಕಾಗಿ ವಾಪಸ್ ಬಿಡಬೇಕಂದ್ರೆ ಅದರ ಲೆಕ್ಕದಲ್ಲಿ ತುಂಬಾ ಹೊತ್ತು ಹಿಡಿಯತ್ತೆ, ಅಷ್ಟರೊಳಗೆ ಡಿಕ್ಕಿಗಳಲ್ಲಿ ಆ ಶಕ್ತಿ ನೈಟ್ರೋಜನ್ ಆಕ್ಸಿಜನ್‌ಗೆ ದಾಟಿ ಬರೀ ಶಾಖ ಆಗಿಹೋಗಿರತ್ತೆ. ಉಲ್ಟಾನೂ ನಡೆಯತ್ತೆ, ಬಿಸಿ ಗಾಳಿಯ ಅಣುಗಳು ಕಾರ್ಬನ್ ಡೈಆಕ್ಸೈಡಿಗೆ ಗುದ್ದಿ ಅದನ್ನ ಅದುರಿಸ್ತಾವೆ, ಆಗ ಅದು ಇನ್‌ಫ್ರಾರೆಡ್ ಬಿಡತ್ತೆ, ಮೇಲಕ್ಕೂ ಬಿಡತ್ತೆ ಕೆಳಕ್ಕೂ ಬಿಡತ್ತೆ. ಕೆಳಕ್ಕೆ ಬಂದಿದ್ದು ನೆಲಕ್ಕೆ ಸೇರತ್ತೆ.

ಇದೇನು ನಿನ್ನೆ ಮೊನ್ನೆ ಕಂಡುಹಿಡಿದಿದ್ದಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಅನ್ನೋ ಹೆಣ್ಮಗಳು ಗಾಜಿನ ಸಿಲಿಂಡರ್‌ಗಳನ್ನ ಬಿಸಿಲಿಗಿಟ್ಟು ಕಾರ್ಬನ್ ಡೈಆಕ್ಸೈಡ್ ತುಂಬಿದ್ದು ಬರೀ ಗಾಳಿ ಇರೋದಕ್ಕಿಂತ ಜಾಸ್ತಿ ಬಿಸಿ ಆಗತ್ತೆ, ತಣ್ಣಗಾಗೋಕೂ ಹೆಚ್ಚು ಹೊತ್ತು ತಗೊಳತ್ತೆ ಅಂತ ಬರೆದಿದ್ರು, ಇಂಥ ಗಾಳಿ ಇದ್ರೆ ಭೂಮಿನೂ ಬಿಸಿ ಇರತ್ತೆ ಅಂತ ಮೊದಲು ಹೇಳಿದ್ದೂ ಅವ್ರೇ. 1859ರಲ್ಲಿ ಜಾನ್ ಟಿಂಡಾಲ್ ಅನ್ನೋ ವಿಜ್ಞಾನಿ ಕೊಳವೆಲಿ ಒಂದೊಂದೇ ಗ್ಯಾಸ್ ತುಂಬಿ ಶಾಖದ ಕಿರಣ ಎಷ್ಟು ಹೀರತ್ತೆ ಅಂತ ಅಳೆದ, ನೈಟ್ರೋಜನ್ ಆಕ್ಸಿಜನ್ ಹೆಚ್ಚೂ ಕಮ್ಮಿ ಏನೂ ಹೀರಲ್ಲ, ನೀರಾವಿ ಮತ್ತೆ ಕಾರ್ಬನ್ ಡೈಆಕ್ಸೈಡ್ ಹೀರ್ತಾವೆ ಅಂತ ಗೊತ್ತಾಯ್ತು. ಹಂಗಾಗಿ 0.04 ಅನ್ನೋದು ಇಲ್ಲಿ ದೊಡ್ಡ ವಿಷ್ಯ ಅಲ್ಲ, ಉಳಿದ 99 ಪರ್ಸೆಂಟ್ ಗಾಳಿ ಈ ಆಟದಲ್ಲಿ ಇಲ್ಲವೇ ಇಲ್ಲ. ಇನ್ನೊಂದು ಖುಷಿ ವಿಷ್ಯ, ಬೆಳಕಿಂದ ಶಬ್ದ ಹುಟ್ಟತ್ತೆ ಅಂತ 1880ರಲ್ಲಿ ತೋರಿಸಿದ್ದು ಟೆಲಿಫೋನ್ ಗ್ರಹಾಂ ಬೆಲ್, ಮರುವರ್ಷ ಅದೇ ಟಿಂಡಾಲ್ ಗ್ಯಾಸ್‌ಗಳ ಮೇಲೆ ಬಿಟ್ಟು ಬಿಟ್ಟು ಶಾಖ ಹಾಯಿಸಿ ಸದ್ದು ಕೇಳಿಸ್ಕೊಂಡ. ನನ್ ಕೈಲಿರೋ ಮೀಟರ್ ಮಾಡ್ತಿರೋದು ಅದನ್ನೇ.

ಈಗ ಆ ಒಂದು ಸ್ಟಾರ್ ವಿಷ್ಯ. ತಂದ ಹೊಸದ್ರಲ್ಲಿ ಮಧ್ಯಾಹ್ನ ತಾರಸಿ ಮೇಲೆ ಒಳ್ಳೆ ಗಾಳಿಲಿ ಇಟ್ರೂ 380ರ ಆಸುಪಾಸು ತೋರಿಸ್ತಿತ್ತು. ಈಗ ಪ್ರಪಂಚದ ಸರಾಸರಿನೇ 420 ದಾಟಿರುವಾಗ ಊರೊಳಗೆ ಅಷ್ಟು ಕಮ್ಮಿ ಬರೋ ಹಂಗಿಲ್ಲ. ಆಪ್ ಸೆಟ್ಟಿಂಗ್ಸ್ ಒಳಗೆ ಒಂದು ಮೂಲೇಲಿ ಎತ್ತರ ಅಂತ ಒಂದು ಜಾಗ ಇದೆ, ಅಲ್ಲಿ 0 ಅಂತ ಇತ್ತು, ಸಮುದ್ರ ಮಟ್ಟ ಅಂತ. ಚಿಕ್ಕಮಗಳೂರು ಸುಮಾರು 1090 ಮೀಟರ್ ಮೇಲಿದೆ, ಇಲ್ಲಿ ಗಾಳಿ ಒತ್ತಡ ಮಂಗಳೂರಿಗಿಂತ ಹತ್ತತ್ರ 12 ಪರ್ಸೆಂಟ್ ಕಮ್ಮಿ, ಡಬ್ಬಿಲಿ ಸಿಗೋ ಅಣುಗಳೂ ಅಷ್ಟೇ ಕಮ್ಮಿ, ಮೈಕಿಗೆ ಕೇಳೋ ಸದ್ದೂ ಕಮ್ಮಿ. ಎತ್ತರ ಹಾಕಿದ ಮೇಲೆ ಸರಿ ಹೋಯ್ತು. ಮುಳ್ಳಯ್ಯನಗಿರಿಗೆ, ಅಂದ್ರೆ 1930 ಮೀಟರ್‌ಗೆ, ಸೆಟ್ಟಿಂಗ್ ಬದಲಾಯಿಸ್ದೆ ತಗೊಂಡು ಹೋದ್ರೆ ಮತ್ತೆ ಕೆಳಗೆ ಇಳಿಯತ್ತೆ, ಬದಲಾಯಿಸಿದ್ರೆ ಸರಿ ತೋರಿಸತ್ತೆ. ಇಷ್ಟು ಮುಖ್ಯವಾದ ವಿಷ್ಯನ ಮ್ಯಾನುವಲ್‌ನಲ್ಲಿ ಒಂದು ಸಾಲೂ ಬರೆದಿಲ್ಲ, ಅದಕ್ಕೇ ಸ್ಟಾರ್ ಹೋಗಿದ್ದು.

ಆ ಮುಳ್ಳಯ್ಯನಗಿರಿ ರೋಡಲ್ಲೇ ಭಾವನ ಎರಡನೇ ಪ್ರಶ್ನೆಗೂ ಉತ್ತರ ಇದೆ. ಅವ್ರು ಹೇಳೋದು, ಇರೋ ಕಾರ್ಬನ್ ಡೈಆಕ್ಸೈಡೇ ಅದು ಹೀರೋ ಕಿರಣನೆಲ್ಲಾ ಹೀರ್ಕೊಂಡಾಗಿದೆ, ಇನ್ನೂ ಸೇರಿಸಿದ್ರೆ ಏನ್ ವ್ಯತ್ಯಾಸ ಅಂತ. 1900ರಲ್ಲಿ ಸ್ವೀಡನ್ನಿನ ವಿಜ್ಞಾನಿ ಆಂಗ್‌ಸ್ಟ್ರಾಮ್ ಕೂಡ ಹಿಂಗೇ ವಾದ ಮಾಡಿದ್ರು, ತುಂಬಾ ವರ್ಷ ವಿಜ್ಞಾನಿಗಳೂ ಒಪ್ಕೊಂಡಿದ್ರು. ಭೂಮಿ ಬಿಡೋ ಶಾಖದಲ್ಲಿ ಕಾರ್ಬನ್ ಡೈಆಕ್ಸೈಡ್ ಮುಖ್ಯವಾಗಿ ಹಿಡಿಯೋದು 15 ಮೈಕ್ರೋಮೀಟರ್ ಸುತ್ತಲಿನ ಅಲೆನ (ಮೀಟರ್ ಬಳಸೋ 4.26 ಅಲ್ಲ, ಆ ಅಲೆನ ನಮ್ಮ ನೆಲ ಬಿಡೋದು ತೀರಾ ಕಮ್ಮಿ), ಆ 15ರ ನಡುಮಧ್ಯದಲ್ಲಿ ನೆಲದಿಂದ ಹೊರಟ ಕಿರಣ ಸ್ವಲ್ಪ ದೂರದಲ್ಲೇ ಹೀರಿಹೋಗೋದು ನಿಜ. ಆದ್ರೆ ಗಾಳಿ ಒಂದೇ ಪದರ ಅಲ್ಲ. ಕೆಳಗಿನ ಪದರ ಹೀರಿ ಬಿಟ್ಟಿದ್ದನ್ನ ಅದರ ಮೇಲಿಂದು ಹೀರತ್ತೆ, ಅದು ಬಿಟ್ಟಿದ್ದನ್ನ ಇನ್ನೂ ಮೇಲಿಂದು, ಹಿಂಗೇ ಹೋಗಿ ಹೋಗಿ ಎಲ್ಲಿ ಗಾಳಿ ತೆಳ್ಳಗಾಗತ್ತೋ ಅಲ್ಲಿಂದ ಆಕಾಶಕ್ಕೆ ತಪ್ಪಿಸ್ಕೊಳತ್ತೆ. ಗ್ಯಾಸ್ ಜಾಸ್ತಿ ಆದಷ್ಟೂ ಆ ತಪ್ಪಿಸ್ಕೊಳ್ಳೋ ಜಾಗ ಮೇಲಕ್ಕೆ ಹೋಗತ್ತೆ. ಮೇಲೆ ಹೋದ್ರೆ ಏನಾಗತ್ತೆ? ಕಡೂರು 763 ಮೀಟರ್, ಅಲ್ಲಿ ಸೆಕೆ ಅಂತ ಹೊರಟೋರು ಮುಳ್ಳಯ್ಯನಗಿರಿ ಮೇಲೆ ಸ್ವೆಟರ್ ಹುಡುಕ್ತಾರೆ, ಕಿಲೋಮೀಟರ್‌ಗೆ ಸರಾಸರಿ 6.5 ಡಿಗ್ರಿ ಇಳಿಯತ್ತೆ. ತಣ್ಣಗಿರೋ ಜಾಗದಿಂದ ಹೊರಗೆ ಹೋಗೋ ಶಾಖ ಕಮ್ಮಿ. ಸೂರ್ಯನಿಂದ ಬರೋದು ಅಷ್ಟೇ ಇದ್ದು ಹೋಗೋದು ಕಮ್ಮಿ ಆದ್ರೆ ಕೆಳಗಿಂದ ಮೇಲಿನವರೆಗೂ ಎಲ್ಲಾ ಬಿಸಿ ಆಗ್ಲೇಬೇಕು, ಮತ್ತೆ ಲೆಕ್ಕ ಸಮ ಆಗೋವರೆಗೂ. ಲೆಕ್ಕನೂ ಎಷ್ಟು ಚಂದ ಕೂರತ್ತೆ ನೋಡಿ, ಬಾಹ್ಯಾಕಾಶದಿಂದ ನೋಡಿದ್ರೆ ಭೂಮಿ ಸರಾಸರಿ ಮೈನಸ್ 18 ಡಿಗ್ರಿ ವಸ್ತು ತರ ಶಾಖ ಬಿಡತ್ತೆ, ನೆಲದಲ್ಲಿ ಸರಾಸರಿ 15 ಡಿಗ್ರಿ, ವ್ಯತ್ಯಾಸ 33, ಅದನ್ನ 6.5ರಿಂದ ಭಾಗಿಸಿದ್ರೆ ಐದು ಕಿಲೋಮೀಟರ್, ಸರಾಸರಿ ಅಲ್ಲಿಂದಾನೇ ನಮ್ ಶಾಖ ಹೊರಗೆ ಹೋಗ್ತಿರೋದು. ಈ 33ರಲ್ಲಿ ದೊಡ್ಡ ಪಾಲು ನೀರಾವಿದು, ಆಮೇಲೆ ಕಾರ್ಬನ್ ಡೈಆಕ್ಸೈಡಿದು. ಆದ್ರೆ ನೀರಾವಿ ಕೆಲವೇ ದಿನದಲ್ಲಿ ಮಳೆಯಾಗಿ ಬಿದ್ದುಹೋಗತ್ತೆ, ಎಷ್ಟಿರ್ಬೇಕು ಅನ್ನೋದನ್ನ ಗಾಳಿಯ ಬಿಸಿನೇ ತೀರ್ಮಾನ ಮಾಡತ್ತೆ, ಕಾರ್ಬನ್ ಡೈಆಕ್ಸೈಡ್ ಹಂಗೆ ಉದುರಲ್ಲ.

ಇದೆಲ್ಲಾ ಬರೀ ಪೇಪರ್ ಮೇಲಿನ ಲೆಕ್ಕ ಅನ್ನೋ ಹಂಗೂ ಇಲ್ಲ. 1970ರಲ್ಲಿ ಹಾರಿಸಿದ ನಿಂಬಸ್ 4 ಉಪಗ್ರಹ ಭೂಮಿಯಿಂದ ಹೊರಗೆ ಹೋಗೋ ಶಾಖನ ಅಲೆ ಅಲೆಯಾಗಿ ಬಿಡಿಸಿ ಅಳೀತು, ಆ ಗ್ರಾಫಲ್ಲಿ 15 ಮೈಕ್ರೋಮೀಟರ್ ಜಾಗದಲ್ಲಿ ಯಾರೋ ಕಚ್ಚಿ ತೆಗೆದ ಹಂಗೆ ದೊಡ್ಡ ಗುಂಡಿ. 2015ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಒಕ್ಲಹೋಮಾ ಮತ್ತೆ ಅಲಾಸ್ಕಾದಲ್ಲಿ ನೆಲದ ಮೇಲೆ ಉಪಕರಣ ಇಟ್ಟು, ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿದ್ರಿಂದ ಕೆಳಕ್ಕೆ ಬರೋ ಇನ್‌ಫ್ರಾರೆಡ್ ಹತ್ತು ವರ್ಷಕ್ಕೆ ಚದರ ಮೀಟರ್‌ಗೆ 0.2 ವ್ಯಾಟ್‌ನಷ್ಟು ಏರ್ತಿದೆ ಅಂತ ನೇರವಾಗಿ ಅಳೆದು ತೋರಿಸಿದ್ರು. ನಂಗೆ ಎಲ್ಲಕ್ಕಿಂತ ಬಲವಾದ್ದು ಅನ್ಸಿದ್ದು ಇನ್ನೊಂದು. 1967ರಲ್ಲೇ ಮನಾಬೆ ಮತ್ತೆ ವೆದರಾಲ್ಡ್ ಅನ್ನೋ ಹವಾಮಾನ ವಿಜ್ಞಾನಿಗಳು ಲೆಕ್ಕ ಹಾಕಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆದ್ರೆ ಕೆಳಗಿನ ಗಾಳಿ ಬಿಸಿ ಆಗತ್ತೆ, ತುಂಬಾ ಮೇಲಿರೋ ಸ್ಟ್ರಾಟೋಸ್ಫಿಯರ್ ಅನ್ನೋ ಗಾಳಿ ಪದರ ತಣ್ಣಗಾಗತ್ತೆ ಅಂದಿದ್ರು. ಸೂರ್ಯನೇ ಜಾಸ್ತಿ ಉರೀತಿದ್ರೆ ಮೇಲೂ ಬಿಸಿ ಆಗ್ಬೇಕಿತ್ತು. ಆಮೇಲೆ ಅಳೆದಾಗ ಕೆಳಗೆ ಬಿಸಿ, ಮೇಲೆ ತಣ್ಣಗೆ, ಹೇಳಿದ ಹಂಗೇ. ಮನಾಬೆಗೆ 2021ರಲ್ಲಿ ಫಿಸಿಕ್ಸ್ ನೊಬೆಲ್ ಬಂತು.

ಈ ಮೀಟರ್ ಕೈಲಿ ಆಗ್ದೇ ಇರೋದನ್ನೂ ಹೇಳ್ಬೇಕು. ಮಾರೋರ ಜಾಹೀರಾತಲ್ಲಿ ಮನೇಲೇ ಗ್ಲೋಬಲ್ ವಾರ್ಮಿಂಗ್ ಅಳೆಯಿರಿ ಅಂತ ಇದೆ, ಅದನ್ನ ನಂಬ್ಬೇಡಿ. ಭಾವನ ತೋಟದಲ್ಲಿ ರಾತ್ರಿ ಇಟ್ರೆ ಬೆಳಗಿನ ಜಾವ 500ರ ತನಕ ಏರಿರತ್ತೆ, ಗಿಡ ಮಣ್ಣು ಎಲ್ಲಾ ಉಸಿರಾಡಿ ಬಿಟ್ಟಿದ್ದು ತಣ್ಣನೆ ಗಾಳಿಲಿ ಅಲ್ಲೇ ನಿಂತಿರತ್ತೆ, ಬಿಸಿಲೇರಿದ ಮೇಲೆ ಇಳಿಯತ್ತೆ. ದಿನದ ಈ ಏರಿಳಿತದ ಮುಂದೆ ವರ್ಷಕ್ಕೆ ಎರಡು ಮೂರು ಪಿಪಿಎಂ ಹೆಚ್ಚಾಗೋದು ಇದಕ್ಕೆ ಕಾಣಲ್ಲ, ಇದರ ತಪ್ಪೇ 40-50 ಪಿಪಿಎಂ ಇರತ್ತೆ. ಅದಕ್ಕೆ ಹವಾಯಿಯ ಮೌನಾ ಲೋವಾ ತರದ ಜಾಗ ಬೇಕು, ಸಮುದ್ರದ ಮಧ್ಯ ಬೆಟ್ಟದ ಮೇಲೆ, 1958ರಿಂದ ಅಳೀತಾ ಇದಾರೆ, ಆಗ 315 ಇತ್ತು. ಹಂಗೇ ಈ ವರ್ಷ ಹೂಮಳೆ (ಕಾಫಿ ಹೂ ಬಿಡೋಕೆ ಬೇಕಾದ ಮಳೆ) ಕೈಕೊಟ್ಟಿದ್ದು ಗ್ಲೋಬಲ್ ವಾರ್ಮಿಂಗ್‌ನಿಂದಾನಾ ಅಂತ ಕೇಳಿದ್ರೂ ಮೀಟರ್ ಹೇಳಲ್ಲ, ಒಂದು ವರ್ಷದ ಮಳೆ ನೋಡಿ ಹಂಗೆ ಹೇಳೋಕೂ ಬರಲ್ಲ.

ಶಾಲೆಗಳಲ್ಲಿ ಎರಡು ಬಾಟಲಿ ಇಟ್ಟು ಒಂದಕ್ಕೆ ಸೋಡಾಪುಡಿ ವಿನೆಗರ್ ಹಾಕಿ ಬಲ್ಬ್ ಹಚ್ಚಿ ತೋರಿಸೋ ಪ್ರಯೋಗ ಇದೆಯಲ್ಲ, ಅದನ್ನ ದಯವಿಟ್ಟು ಪುರಾವೆ ಅಂತ ತೋರಿಸ್ಬೇಡಿ ಅಂತ ಮೇಷ್ಟ್ರುಗಳಿಗೆ ನನ್ನ ಕೋರಿಕೆ. ಅಲ್ಲಿ ಬರೋ ವ್ಯತ್ಯಾಸ ಹೆಚ್ಚಿನ ಪಾಲು ಆ ಗ್ಯಾಸ್ ಭಾರ ಇದ್ದು ಬಾಟಲಿಲಿ ಸರಿಯಾಗಿ ಸುತ್ತಾಡಲ್ಲ ಅನ್ನೋದ್ರಿಂದ ಬರತ್ತೆ. ಸರಿಯಾದ ವಿಷ್ಯಕ್ಕೆ ತಪ್ಪು ಸಾಕ್ಷಿ ಕೊಟ್ರೆ ನಾಳೆ ಮಕ್ಕಳು ವಿಷ್ಯನೇ ಸುಳ್ಳು ಅಂತಾರೆ. ಈ ಮೀಟರ್ ಬಿಚ್ಚಿ ತೋರಿಸಿ, ಇಲ್ಲಾ ಚಿತ್ರ ಬರೆದು ವಿವರಿಸಿ, ನಮ್ಮ ಟ್ಯೂಷನ್ ಮಕ್ಕಳಿಗೆ ಒಂದೇ ಸಲಕ್ಕೆ ಅರ್ಥ ಆಯ್ತು.

ತಗೊಳೋರಿಗೆ ಇನ್ನೆರಡು ಮಾತು. ಸಾವಿರ ಸಾವಿರದೈನೂರಕ್ಕೆ ಸಿಗೋ ಎಷ್ಟೋ ಮೀಟರ್‌ಗಳಲ್ಲಿ ಇನ್‌ಫ್ರಾರೆಡ್ ಇರೋದೇ ಇಲ್ಲ, ಗಾಳಿಲಿರೋ ಬೇರೆ ವಾಸನೆ ಆವಿಗಳನ್ನ ನೋಡಿ ಅಂದಾಜಿಗೆ ಒಂದು ಪಿಪಿಎಂ ತೋರಿಸ್ತಾವೆ. ಪತ್ತೆ ಮಾಡೋದು ಸುಲಭ, ಹತ್ರದಲ್ಲಿ ಸ್ವಲ್ಪ ಸ್ಯಾನಿಟೈಸರ್ ಕೈಗೆ ಹಚ್ಕೊಳ್ಳಿ, ನಂಬರ್ ದಿಢೀರ್ ಅಂತ ಸಾವಿರಗಟ್ಟಲೆ ಹಾರಿದ್ರೆ ಅದು ಅಂದಾಜಿನ ಮೀಟರ್, ವಾಪಸ್ ಕಳಿಸಿ. ನನ್ನದು ಅಲ್ಲಾಡ್ಲಿಲ್ಲ. ಇನ್ನೊಂದು, ಇದು ವಾರದಲ್ಲಿ ಕಂಡ ಅತಿ ಕಮ್ಮಿ ನಂಬರನ್ನೇ ಹೊರಗಿನ ಗಾಳಿ ಅಂತ ತಿಳ್ಕೊಂಡು ತನ್ನ ತಾನೇ ಸರಿ ಮಾಡ್ಕೊಳತ್ತೆ, ಹಂಗಾಗಿ ಮಳೆಗಾಲ ಅಂತ ಮುಚ್ಚಿದ ರೂಮಲ್ಲೇ ಇಟ್ರೆ ಲೆಕ್ಕ ಕೆಡತ್ತೆ, ವಾರಕ್ಕೊಂದ್ಸಲ ಮಧ್ಯಾಹ್ನ ಸ್ವಲ್ಪ ಹೊತ್ತು ಹೊರಗೆ ನೆರಳಲ್ಲಿಡಿ. ಆಪ್‌ನಲ್ಲಿ ಎತ್ತರ ಅಂತ ಇರೋ ಜಾಗದಲ್ಲಿ ಹಾಸನದೋರು ಸುಮಾರು 950 ಹಾಕ್ಕೊಳ್ಳಿ, ಚಿಕ್ಕಮಗಳೂರು ಪೇಟೆಯೋರು 1090, ಗಿರಿ ಕಡೆ ತೋಟ ಇರೋರು ಫೋನಿನ ಜಿಪಿಎಸ್ ನೋಡಿ ಹಾಕಿ.