ಮುಂದಿನ ನಂಬರ್ ಪ್ಲೇಟ್: ಎಚ್‌ಎಸ್‌ಆರ್‌ಪಿ ಫಲಕ ಒಳ್ಳೆಯದು, ಕೂರಿಸುವ ಕೆಲಸ ಸಾಲದು

ಅಂಕ ಮೊದಲೇ ಕೊಟ್ಟುಬಿಡೋಣ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ರಿಜಿಸ್ಟ್ರೇಷನ್ ಪ್ಲೇಟ್) ಫಲಕಕ್ಕೆ, ಬರೀ ವಸ್ತುವಾಗಿ ನೋಡಿದರೆ, ಐದಕ್ಕೆ ನಾಲ್ಕು. ಅದನ್ನು ಗಾಡಿಗೆ ಕೂರಿಸಿಕೊಡುವ ಸೇವೆಗೆ ಐದಕ್ಕೆ ಎರಡೂವರೆ. ಕಡಿಮೆಯಾದ ಅಂಕಗಳಲ್ಲಿ ಹೆಚ್ಚಿನವು ಮುಂದಿನ ಫಲಕದ ಲೆಕ್ಕಕ್ಕೇ ಹೋಗುತ್ತವೆ. ಹಿಂದಿನ ಫಲಕಕ್ಕೆ ಡಿಕ್ಕಿಯ ಬಾಗಿಲಲ್ಲಿ ತಯಾರಾದ ತಗ್ಗು, ಅಳತೆಯ ತೂತು, ಮೇಲೊಂದು ದೀಪ ಎಲ್ಲ ಇರುತ್ತದೆ. ಅದನ್ನು ಕೆಡಿಸುವುದು ಕಷ್ಟ. ಮುಂದೆ ಇರುವುದು ಬಾಗಿದ ಪ್ಲಾಸ್ಟಿಕ್ ಬಂಪರ್. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಭಟ್ಕಳದವರೆಗಿನ ಉಪ್ಪುಗಾಳಿ, ಘಟ್ಟದ ಕೆಂಪು ಮಣ್ಣು, ಮೂರು ನಾಲ್ಕು ತಿಂಗಳ ಮಳೆ ಎಲ್ಲ ಎದುರಿಂದ ಬಡಿಯುವುದು ಇಲ್ಲಿಗೇ.

ಹಿಂದೆ ಒಂದಿದ್ದರೆ ಸಾಲದೇ, ಮುಂದೆ ಯಾಕೆ ಎಂದು ಕೇಳುವವರು ನಮ್ಮ ಕಡೆಯೂ ಇದ್ದಾರೆ, ಅದರಲ್ಲೂ ಅಮೆರಿಕದಲ್ಲಿರುವ ಮಕ್ಕಳ ಕಾರಿನ ಫೋಟೊ ನೋಡಿದವರು. ಅಲ್ಲಿ ಇದು ರಾಜ್ಯದ ಇಷ್ಟಕ್ಕೆ ಬಿಟ್ಟ ವಿಷಯ. ಕ್ಯಾಲಿಫೋರ್ನಿಯಾ, ಟೆಕ್ಸಸ್‌ಗಳಲ್ಲಿ ಎರಡೂ ಬೇಕು. ಫ್ಲಾರಿಡಾ, ಪೆನ್ಸಿಲ್ವೇನಿಯಾ, ಮಿಷಿಗನ್‌ಗಳಲ್ಲಿ ಹಿಂದಿನದೊಂದೇ ಸಾಕು. ಓಹಾಯೊ 2020ರ ಜುಲೈ 1ರಿಂದ ಮುಂದಿನದನ್ನು ಕೈಬಿಟ್ಟಿತು. ಕೈಬಿಡುವವರ ವಾದ ಸರಳ: ಒಂದು ಫಲಕದ ಖರ್ಚು ಉಳಿಯುತ್ತದೆ, ಬಂಪರ್ ಕೊರೆಯುವುದು ತಪ್ಪುತ್ತದೆ. ಕೈಬಿಡಬಾರದೆನ್ನುವವರ ವಾದ ಅದಕ್ಕಿಂತ ಗಟ್ಟಿ: ಮಕ್ಕಳನ್ನು ಇಳಿಸಲು ನಿಂತ ಶಾಲಾ ಬಸ್ಸಿನ ಎದುರಿನಿಂದ ನಿಲ್ಲದೆ ನುಗ್ಗಿದ ಕಾರಿನ ನಂಬರ್ ಬಸ್ ಚಾಲಕನಿಗೆ ಕಾಣುವುದು ಮುಂದಿನ ಫಲಕದಿಂದ ಮಾತ್ರ. ಭಾರತದಲ್ಲಿ ಈ ಚರ್ಚೆಗೆ ಜಾಗವಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮ ಮುಂದೆ, ಹಿಂದೆ ಎರಡೂ ಕಡೆ ಎನ್ನುತ್ತದೆ. ಬ್ರಿಟನ್ನಿನಲ್ಲಿ ಬೈಕಿಗೆ ಮುಂದಿನ ಫಲಕ ಬೇಡ. ಇಲ್ಲಿ ಬೈಕಿಗೂ ಬೇಕು.

ನಮ್ಮ ರಸ್ತೆಗಳನ್ನು ನೋಡಿದರೆ ಆ ನಿಯಮ ಸರಿಯಾಗಿಯೇ ಇದೆ. ದೇವಿಮನೆ ಘಟ್ಟದಲ್ಲಾಗಲಿ ಅರಬೈಲ್ ಘಟ್ಟದಲ್ಲಾಗಲಿ ತಿರುವಿನಲ್ಲಿ ಓವರ್‌ಟೇಕ್ ಮಾಡಿ ಎದುರಿನವರನ್ನು ಚರಂಡಿಗೆ ಇಳಿಸುವ ಗಾಡಿಯ ಮುಖ ಮೊದಲು ಕಾಣುತ್ತದೆ. ಬೆನ್ನು ಕಾಣುವ ಹೊತ್ತಿಗೆ ಅದು ಮುಂದಿನ ತಿರುವು ದಾಟಿರುತ್ತದೆ. ನಮ್ಮ ಡ್ಯಾಶ್‌ಕ್ಯಾಮ್‌ಗಳೂ ನೋಡುವುದು ಮುಂದಕ್ಕೆ. ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಗೋವಾ ಕಡೆಯಿಂದ ಬರುವ ಗಾಡಿಯನ್ನು ತಡೆಯಬೇಕೋ ಬಿಡಬೇಕೋ ಎಂದು ಸಿಬ್ಬಂದಿ ತೀರ್ಮಾನಿಸುವುದು ಅದು ಹತ್ತಿರ ಬರುತ್ತಿರುವಾಗ. ದಾಟಿಹೋದ ಮೇಲೆ ಬೆನ್ನು ನೋಡಿ ಪ್ರಯೋಜನವಿಲ್ಲ. ಗೋಕರ್ಣದ ರಸ್ತೆಯಲ್ಲಿ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಕಂಡ ಕೂಡಲೇ ಅದು ಬಾಡಿಗೆಗೆ ಪಡೆದು ತಾವೇ ಓಡಿಸುವ ಗಾಡಿ ಎಂದು ಗೊತ್ತಾಗುವುದೂ ಮುಂದಿನ ಫಲಕದಿಂದಲೇ.

ಟೋಲ್ ಇನ್ನೊಂದು ಕಾರಣ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಂಕೋಲಾ ಬಳಿ ಹಟ್ಟಿಕೇರಿ, ಕುಮಟಾ ಬಳಿ ಹೊಳೆಗದ್ದೆ, ಜಿಲ್ಲೆಯ ಗಡಿ ದಾಟಿದರೆ ಶಿರೂರು. ಫಾಸ್ಟ್ಯಾಗ್ ಓದದಿದ್ದಾಗ, ಅಥವಾ ಟ್ಯಾಗಿಗೂ ಗಾಡಿಗೂ ತಾಳೆಯಾಗದಿದ್ದಾಗ, ಉಳಿಯುವ ಗುರುತು ನಂಬರ್ ಒಂದೇ.

ಹೆಚ್ಚಿನವರು ಗಮನಿಸದ ಒಂದು ವ್ಯತ್ಯಾಸವಿದೆ. ಹಿಂದಿನ ಫಲಕಕ್ಕೆ ತನ್ನದೇ ದೀಪ ಇರಬೇಕು. ರಾತ್ರಿ 15 ಮೀಟರ್ ದೂರದಿಂದ ಓದಲು ಬರಬೇಕೆಂಬುದು ನಿಯಮ. ಮುಂದಿನದಕ್ಕೆ ದೀಪವಿಲ್ಲ. ಅದರ ಎರಡೂ ಬದಿಗೆ ಹೆಡ್‌ಲೈಟ್ ಉರಿಯುತ್ತಿರುತ್ತದೆ, ಆ ಬೆಳಕಿನ ನಡುವೆ ಫಲಕ ಕತ್ತಲೆಯ ಚೌಕದಂತೆ ಕಾಣುತ್ತದೆ. ಅದನ್ನು ಓದಿಸುವುದು ಫಲಕದ ಮೇಲಿನ ಹಾಳೆ. ಬಂದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುವ ಈ ಹಾಳೆ, ಕ್ಯಾಮೆರಾದ ಪಕ್ಕದ ಇನ್‌ಫ್ರಾರೆಡ್ ದೀಪದ ಬೆಳಕನ್ನು ಕ್ಯಾಮೆರಾಕ್ಕೇ ವಾಪಸ್ ಕಳಿಸುತ್ತದೆ. ಹಿನ್ನೆಲೆ ಬೆಳ್ಳಗೆ, ಅಕ್ಷರ ಕಪ್ಪಗೆ ಬರುತ್ತದೆ. ಹಾಳೆಯ ಮೇಲೆ ಮಣ್ಣಿನ ಪದರ ಕೂತರೆ, ಹೊಳೆಯುವ ಅಕ್ರಿಲಿಕ್ ಕವರ್ ಹಾಕಿದರೆ, ಬಂಪರ್ ಬಾಗಿ ಫಲಕ ನೆಲ ನೋಡಿದರೆ ಈ ಗುಣ ಹೋಗುತ್ತದೆ. ಹಾಗಾಗಿ ಕೆಲಸದ ಗುಣಮಟ್ಟ ಮುಂದಿನ ಫಲಕದಲ್ಲೇ ಹೆಚ್ಚು ಮುಖ್ಯ.

ಈಗ ವಸ್ತು. 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು. ಕಾರಿಗೆ ಸಾಮಾನ್ಯವಾಗಿ 500 × 120 ಮಿ.ಮೀ., ಹಿಂದೆ ಚೌಕದ ತಗ್ಗು ಇರುವ ಗಾಡಿಗೆ 340 × 200. ಕಾರಿನ ಅಕ್ಷರ 65 ಮಿ.ಮೀ. ಎತ್ತರ, ಗೆರೆ 10 ಮಿ.ಮೀ. ದಪ್ಪ. ಎಡ ಅಂಚಿನ ಪಟ್ಟಿಯಲ್ಲಿ ಮೇಲೆ 20 × 20 ಮಿ.ಮೀ. ಅಶೋಕ ಚಕ್ರದ ಕ್ರೋಮಿಯಂ ಹಾಲೊಗ್ರಾಂ, ಅದರ ಕೆಳಗೆ ನೀಲಿಯಲ್ಲಿ ಐಎನ್‌ಡಿ, ಇನ್ನೂ ಕೆಳಗೆ ಲೇಸರಿನಲ್ಲಿ ಕೊರೆದ ಕಾಯಂ ಸಂಖ್ಯೆ. ಉಬ್ಬಿದ ಅಕ್ಷರಗಳ ಮೇಲಿನ ಕಪ್ಪು ಫಿಲ್ಮನ್ನು ಹತ್ತಿರದಿಂದ ನೋಡಿದರೆ ಓರೆಯಾಗಿ ಬರೆದ ಇಂಡಿಯಾ ಎಂಬ ಬರಹ ಕಾಣುತ್ತದೆ. ಮುಂದಿನ ಫಲಕದ ಲೇಸರ್ ಸಂಖ್ಯೆ ಬೇರೆ, ಹಿಂದಿನದರದ್ದು ಬೇರೆ. ಕಾರಾದರೆ ಗಾಜಿನ ಒಳಬದಿ, ಎಡ ಮೇಲ್ಮೂಲೆಗೆ ಮೂರನೆಯದಾಗಿ 100 × 60 ಮಿ.ಮೀ. ಸ್ಟಿಕರ್, ಪೆಟ್ರೋಲ್, ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ. ಕಿತ್ತರೆ ಅದು ಹರಿದೇ ಬರುತ್ತದೆ. ಗಾಜು ಒಡೆದು ಬದಲಿಸಿದರೆ ಹೊಸ ಸ್ಟಿಕರ್ ಬೇಕು, ಇದನ್ನು ಮರೆಯುವವರು ಬಹಳ.

ಫಲಕಕ್ಕೆ ಅಂಕ ಹೋದದ್ದು ಆ ಕಪ್ಪು ಫಿಲ್ಮಿಗಾಗಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ವಾಶರ್ ಮೂತಿಯನ್ನು ಹತ್ತಿರ ಹಿಡಿದರೆ ಅಕ್ಷರದ ಅಂಚಿನಿಂದ ಏಳಲು ಶುರುವಾಗುತ್ತದೆ. ಮೂತಿ ಒಂದಡಿಯಾದರೂ ದೂರ ಇರಲಿ. ಫಲಕಕ್ಕೆ ಕನಿಷ್ಠ 5 ವರ್ಷ ಬಾಳಿಕೆಯ ಖಾತರಿ ಇರಬೇಕೆಂದು ನಿಯಮವೇ ಹೇಳುವುದರಿಂದ ಹಣ ಕಟ್ಟಿದ ರಸೀದಿಯನ್ನು ಆರ್‌ಸಿ ಜೊತೆಗೇ ಇಡಿ.

2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಇದು ಕಂಪನಿಯಿಂದಲೇ ಬರುತ್ತದೆ. ಅದಕ್ಕೂ ಹಳೆಯವಕ್ಕೆ ಕರ್ನಾಟಕ 2023ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿ ನವೆಂಬರ್ 17ರ ಗಡುವು ಕೊಟ್ಟಿತು. ಗಡುವು ಆಮೇಲೆ ಹಲವು ಸಲ ಮುಂದೆ ಹೋಯಿತು. ಬುಕ್ಕಿಂಗ್ ಕಷ್ಟವಲ್ಲ. ಸಾರಿಗೆ ಇಲಾಖೆಯ ಜಾಲತಾಣದಿಂದಲೇ ಹೋಗಿ ಗಾಡಿಯ ಕಂಪನಿ ಆರಿಸಿ, ನೋಂದಣಿ, ಚಾಸಿ, ಎಂಜಿನ್ ಸಂಖ್ಯೆ ತುಂಬಿ, ಡೀಲರ್ ಮತ್ತು ದಿನ ಆರಿಸಿ ಆನ್‌ಲೈನಿನಲ್ಲೇ ಹಣ ಕಟ್ಟುವುದು. ಚಾಸಿ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ಮುಂದೆ ಹೋಗುವುದಿಲ್ಲ; ಹಳೇ ಆರ್‌ಸಿ ಪುಸ್ತಕದಲ್ಲಿ ಕೈಬರಹದ 8, ಬಿ ಮತ್ತು 0, ಓ ಒಂದೇ ಥರ ಕಾಣುತ್ತವೆ, ಅಲ್ಲಿ ಎಡವುವವರೇ ಜಾಸ್ತಿ. ದಾಖಲೆಯಲ್ಲೇ ತಪ್ಪಿದ್ದರೆ ಮೊದಲು ಆರ್‌ಟಿಒದಲ್ಲಿ ತಿದ್ದಿಸಬೇಕು: ಕೆಎ-30 ಆದರೆ ಕಾರವಾರ, ಕೆಎ-31 ಶಿರಸಿ, ಕೆಎ-47 ಹೊನ್ನಾವರ, ಕೆಎ-65 ದಾಂಡೇಲಿ.

ಜಿಲ್ಲೆಯವರಿಗೆ ಸಿಗುವ ತೊಡಕು ದೂರದ್ದು. ಜಿಲ್ಲೆಯಲ್ಲಿ ಡೀಲರ್ ಇಲ್ಲದ ಕಂಪನಿಯ ಗಾಡಿಯಾದರೆ ಹುಬ್ಬಳ್ಳಿ ಅಥವಾ ಉಡುಪಿ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿ.ಮೀ., ಫಲಕ ಬಂದಿದೆಯೇ ಎಂದು ಹಿಂದಿನ ದಿನ ಫೋನ್ ಮಾಡದೆ ಹೊರಡಬೇಡಿ.

ಇನ್ನು ಕೂರಿಸುವ ಕೆಲಸ. ಮರಳಿ ಬಿಡಿಸಲಾಗದ ಸ್ನ್ಯಾಪ್ ಲಾಕ್ ಬೇಕೆಂದು ನಿಯಮ ಹೆಸರಿಸಿ ಹೇಳಿರುವುದು ಹಿಂದಿನ ಫಲಕಕ್ಕೆ. ಹಾಗಾಗಿ ಮುಂದೆ ಏನು ಹಾಕುತ್ತಾರೆಂಬುದು ಕೇಂದ್ರ ನೋಡಿ ಬದಲಾಗುತ್ತದೆ: ಕೆಲವೆಡೆ ಅಲ್ಲಿಗೂ ಸ್ನ್ಯಾಪ್ ಲಾಕ್, ಕೆಲವೆಡೆ ಸಾದಾ ಕಬ್ಬಿಣದ ಸೆಲ್ಫ್-ಟ್ಯಾಪಿಂಗ್ ಸ್ಕ್ರೂ. ಕರಾವಳಿಯಲ್ಲಿ ಸೋಲುವುದು ಈ ಎರಡನೆಯದು. ಅದರ ಮೇಲಿನ ಸತುವಿನ ಲೇಪ ಒಂದೆರಡು ಮಳೆಗಾಲಕ್ಕೆ ಮುಗಿದು ಬಿಳಿ ಫಲಕದ ಮೇಲೆ ತುಕ್ಕಿನ ಕೆಂಪು ಗೆರೆ ಇಳಿಯುತ್ತದೆ. ಜೊತೆಗೆ ಉಪ್ಪುನೀರಿನ ಹನಿಯಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಎರಡೂ ತಾಗಿದಾಗ ಸವೆಯುವುದು ಅಲ್ಯೂಮಿನಿಯಂ. ತೂತಿನ ಸುತ್ತ ಬಿಳಿ ಪುಡಿ ಕಾಣಿಸಿ, ಹಾಳೆಯ ಕೆಳಗೆ ಅದು ಹಬ್ಬಿ ಗುಳ್ಳೆ ಏಳುತ್ತದೆ. ಹೆದ್ದಾರಿಯಲ್ಲಿ ನೀರು ಸುರಿಸುತ್ತಾ ಹೋಗುವ ಮೀನಿನ ಲಾರಿಯ ಹಿಂದೆ ಓಡಿದ ಗಾಡಿಗೆ ಈ ಉಪ್ಪು ಮಳೆಯಿಲ್ಲದ ಕಾಲದಲ್ಲೂ ಸಿಗುತ್ತದೆ. ಪರಿಹಾರ ಅಗ್ಗದ್ದು: ಸ್ಟೇನ್‌ಲೆಸ್ ಸ್ಟೀಲಿನ ಎಂ6 ಬೋಲ್ಟ್ (316 ದರ್ಜೆ ಸಿಕ್ಕರೆ ಒಳ್ಳೆಯದು, 304 ಆದರೂ ಆದೀತು), ತಲೆಯ ಕೆಳಗೂ ಫಲಕದ ಹಿಂದೂ ನೈಲಾನ್ ವಾಶರ್, ಹಿಂದೆ ಅದುರಿದರೂ ಸಡಿಲವಾಗದ ನೈಲಾಕ್ ನಟ್. ಇದನ್ನು ಕೈಯಲ್ಲೇ ಕೊಂಡುಹೋಗಿ, ಕೂರಿಸುವವರಿಗೆ ವಿನಯದಿಂದ ಕೊಟ್ಟರೆ ಬಹುತೇಕರು ಹಾಕಿಕೊಡುತ್ತಾರೆ. ಹಿಂದಿನ ಸ್ನ್ಯಾಪ್ ಲಾಕಿಗೆ ಮಾತ್ರ ಕೈ ಹಚ್ಚಬಾರದು.

ಎರಡನೇ ದೋಷ ಬಾಗು. ಬಂಪರ್ ನಡುವೆ ಉಬ್ಬಿ ಎರಡು ಬದಿಗೆ ಹಿಂದಕ್ಕೆ ಸರಿಯುತ್ತದೆ, ಫಲಕ ಅರ್ಧ ಮೀಟರ್ ಉದ್ದದ ಚಪ್ಪಟೆ ತಗಡು. ನೇರ ಹಿಡಿದರೆ ಎರಡು ತುದಿಯಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಆತುರದ ಕೈ ಆ ಸಂದು ಮುಚ್ಚುವವರೆಗೆ ಸ್ಕ್ರೂ ಬಿಗಿಯುತ್ತದೆ. ತಗಡು ಬಿಲ್ಲಿನಂತಾಗಿ, ತುದಿಯ ಅಕ್ಷರಗಳು ರಸ್ತೆಬದಿ ನೋಡುತ್ತವೆ. ಕಂಪನಿಯ ಪ್ಲೇಟ್ ಹೋಲ್ಡರ್ ಇದ್ದರೆ ಅದನ್ನೇ ಬಳಸಬೇಕು. ಇಲ್ಲದಿದ್ದರೆ ತುದಿಗಳಲ್ಲಿ ರಬ್ಬರ್ ಬುಶ್ ಕೊಟ್ಟು, ನಡುವೆ ನೀರು ಹೀರದ ಫೋಮಿನ ಎರಡು ತುಂಡು ಅಂಟಿಸಿದರೆ ತಗಡು ನೇರ ನಿಲ್ಲುತ್ತದೆ, ಹಳ್ಳದಲ್ಲಿ ಕಟಕಟ ಸದ್ದೂ ಬರುವುದಿಲ್ಲ.

ಹೊಸ ತೂತು ಕೊರೆಯುವಾಗ ನಿಂತು ನೋಡಿ. ಅಪಾಯ ಎಡಗಡೆಯ ತೂತಿನದು, ಹಾಲೊಗ್ರಾಂ, ಲೇಸರ್ ಸಂಖ್ಯೆ ಎರಡೂ ಅಲ್ಲೇ ಇರುವುದರಿಂದ. ತೂತು ಅಕ್ಷರದ ಮೇಲೂ ಬೀಳಬಾರದು. ಕರಿ ಬೋಲ್ಟಿನ ತಲೆ 0ಯೊಳಗೆ ಕೂತರೆ ಕ್ಯಾಮೆರಾ ಅದನ್ನು 8 ಎಂದು ಓದೀತು, ನೋಟಿಸ್ ಬೇರೆಯವರ ಮನೆಗೆ ಹೋದೀತು. ಗ್ರಿಲ್ ಮೇಲೆ ಜಿಪ್ ಟೈ ಕಟ್ಟಿ ಫಲಕ ನೇತುಹಾಕುವುದಂತೂ ಬೇಡ. ರೇಡಿಯೇಟರಿನ ಗಾಳಿ ತಡೆದರೆ ಏಪ್ರಿಲ್‌ನಲ್ಲಿ ಎಸಿ ಹಾಕಿಕೊಂಡು ಘಟ್ಟ ಹತ್ತುವಾಗ ಎಂಜಿನ್ ಕಾಯುತ್ತದೆ. ಕೆಳಗಿನ ಗ್ರಿಲ್ಲಿನಲ್ಲಿ ಎದುರಿನ ಗಾಡಿಯನ್ನು ಗುರುತಿಸುವ ರೇಡಾರ್ ಇರುವ ಹೊಸ ಕಾರಿನಲ್ಲಿ ಅದರ ಮುಂದೆ ತಗಡು ಬಂದರೆ ಸಾಧನ ಕುರುಡಾಗುತ್ತದೆ. ಕ್ರ್ಯಾಶ್ ಗಾರ್ಡ್ ಹಾಕಿಸಿದವರು ಅದನ್ನು ತೆಗೆಸಿಯೇ ಹೋಗಲಿ. ಅದರ ಕೊಳವೆ ಫಲಕಕ್ಕೆ ಅಡ್ಡ ಬರುವುದಲ್ಲದೆ, ಅದರ ಮೇಲೆ ಕ್ರಮ ಕೈಗೊಳ್ಳಲು 2017ರ ಡಿಸೆಂಬರ್‌ನಲ್ಲೇ ಕೇಂದ್ರ ರಾಜ್ಯಗಳಿಗೆ ಹೇಳಿದೆ.

ಬೈಕು, ಸ್ಕೂಟರಿನ ಮುಂದಿನ ಫಲಕ 285 × 45 ಮಿ.ಮೀ. ಪಟ್ಟಿ. ಮಡ್‌ಗಾರ್ಡಿಗೆ ನೇರ ಬಿಗಿದರೆ ಅದುರಿ ಅದುರಿ ತೂತಿನ ಬಳಿ ಸೀಳುತ್ತದೆ. ಎರಡು ರಬ್ಬರ್ ವಾಶರ್ ಸಾಕು.

ಕನ್ನಡ ಅಂಕಿಯ ಫಲಕದ ಮೇಲೆ ಪ್ರೀತಿ ಇರುವವರಿಗೂ ಒಂದು ಮಾತು: ನಿಯಮ ಇಂಗ್ಲಿಷ್ ಅಕ್ಷರ ಮತ್ತು 1, 2, 3 ರೂಪದ ಅಂಕಿಗಳನ್ನಷ್ಟೇ ಒಪ್ಪುತ್ತದೆ. ಮಾಜಾಳಿ ದಾಟಿದ ಮೇಲೆ ಅಪಘಾತವಾದರೆ ಆ ನಂಬರ್ ಓದಿ ಹೇಳಬೇಕಾದವರಿಗೆ ಕನ್ನಡ ಬಾರದಿರಬಹುದು. ಕನ್ನಡವನ್ನು ಹಿಂದಿನ ಗಾಜಿನ ಮೇಲೆ ಧಾರಾಳವಾಗಿ ಬರೆಸಿ.

ಕಳೆದುಹೋಗುವುದೂ ಮುಂದಿನದೇ. ಜುಲೈಯಲ್ಲಿ ಹೆದ್ದಾರಿಯ ತಗ್ಗಿನಲ್ಲಿ ನಿಂತ ನೀರಿಗೆ ವೇಗವಾಗಿ ನುಗ್ಗಿದರೆ, ಫಲಕದ ಕೆಳ ಅಂಚು ನೀರನ್ನು ಬುಟ್ಟಿಯಂತೆ ಹಿಡಿದು ಸ್ಕ್ರೂ ಸಮೇತ ಕಿತ್ತುಬರುತ್ತದೆ. ಎಷ್ಟೋ ಹೊತ್ತಿನವರೆಗೆ ಚಾಲಕರಿಗೆ ಗೊತ್ತೇ ಆಗುವುದಿಲ್ಲ. ನೀರು ದಾಟಿದ ಮೇಲೆ ಒಮ್ಮೆ ಇಳಿದು ನೋಡಿ. ಹೋಗಿದ್ದರೆ ಪೇಂಟರ್ ಹತ್ತಿರ ನಕಲು ಬರೆಸಬೇಡಿ. ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಅದರ ಪ್ರತಿಯೊಂದಿಗೆ ಬದಲಿ ಫಲಕಕ್ಕೆ ಬುಕ್ ಮಾಡಿ. ಮುಂದಿನದೊಂದನ್ನೇ ತರಿಸಲು ಬರುತ್ತದೆ. ಹೊಸದರ ಲೇಸರ್ ಸಂಖ್ಯೆ ಬೇರೆಯಾಗಿರುವುದರಿಂದ ಕಾರಿನ ಗಾಜಿನ ಸ್ಟಿಕರ್ ಕೂಡ ಬದಲಾಗಬೇಕು, ಅದನ್ನು ಕೇಳಿ ಪಡೆಯಿರಿ. ಕೂರಿಸಿದ ದಿನವೇ ಎರಡೂ ಲೇಸರ್ ಸಂಖ್ಯೆಗಳ ಫೋಟೊ ತೆಗೆದಿಟ್ಟಿದ್ದರೆ, ಯಾವ ಫಲಕ ಹೋಯಿತೆಂದು ಠಾಣೆಯಲ್ಲಿ ಬರೆಸಲು ಅದು ನೆರವಾಗುತ್ತದೆ.